ಬೈಯುವಷ್ಟು ಉಸಿರು

ನಾನು ಬೀಡಿ ಸೇದಿದವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನೀವೂ ಕೇಳಿಯೇ ಕೇಳುತ್ತೀರಿ. ಡಾಕ್ಟರು ಕೇಳಿದರು, ಸ್ಕ್ಯಾನ್ ಮಾಡುವ ನರ್ಸ್ ಕೇಳಿದಳು, ನಾದಿನಿ ಕೇಳಿದಳು, ಬೆಳಿಗ್ಗೆ ಹಾಲು ಹಾಕುವವನೂ ಕೇಳಿದ. ಶ್ವಾಸಕೋಶದ ಕ್ಯಾನ್ಸರ್, ನಾಲ್ಕನೆಯ ಹಂತ ಎಂದ ಕೂಡಲೇ ಜನರ ಮುಖದಲ್ಲಿ ಮರುಕಕ್ಕಿಂತ ಮೊದಲು ಅನುಮಾನ ಬರುತ್ತದೆ, ಇವಳು ಏನೋ ಮಾಡಿಕೊಂಡಿರಬೇಕು ಎಂದು. ಸೇದಿದ್ದರೆ ತಾನೇ ಏನು? ಸೇದಿದವರಿಗೆ ಉಬ್ಬಸ ಬಂದರೆ ಅದು ಉಬ್ಬಸವಲ್ಲವೇ?

ಹೊಗೆ ಕುಡಿದದ್ದಂತೂ ನಿಜ. ರಾಮನಗರದ ಒಂದು ಫಿಲೇಚರಿನಲ್ಲಿ, ರೇಷ್ಮೆಗೂಡು ಬೇಯಿಸುವ ಒಲೆಯ ಮಗ್ಗುಲಲ್ಲಿ ಕೂತು ಇಪ್ಪತ್ತೇಳು ವರ್ಷ ನೂಲು ತೆಗೆದಿದ್ದೇನೆ. ಕಿಟಕಿ ತೆಗೆದರೆ ಗಾಳಿಗೆ ಎಳೆ ಕಿತ್ತುಹೋಗುತ್ತದೆ ಎಂದು ಸಾಹುಕಾರ ಕಿಟಕಿಗೇ ಮೊಳೆ ಹೊಡೆಸಿದ್ದ. ನನ್ನ ಕಾಯಿಲೆ ಅದರಿಂದಲೇ ಬಂತೆಂದು ಯಾವ ಡಾಕ್ಟರೂ ಬರೆದುಕೊಡಲಿಲ್ಲ. ನಿಮ್ಮ ಯಜಮಾನರು ಸೇದುತ್ತಾರಾ ಎಂದು ಕೇಳಿ, ಇಲ್ಲ ಎಂದಾಗ ಕಾರಣ ಬರೆಯುವ ಜಾಗವನ್ನು ಖಾಲಿ ಬಿಟ್ಟರು.

ಆ ಫಿಲೇಚರಿನಲ್ಲಿ ಬೈಯುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಹೊಂಬಾಳಮ್ಮ ಬಾಯಿ ತೆಗೆದಳು ಎಂದರೆ ರಾಟೆಗಳ ಸದ್ದಿನ ಮೇಲೂ ಸಾಹುಕಾರನ ಮನೆಯ ಒಳಗಿನ ಕೋಣೆಗೆ ಕೇಳುತ್ತಿತ್ತು. ಬೈಗುಳಕ್ಕೂ ಒಂದು ಹದವಿದೆ. ಅದಕ್ಕೆ ತಲೆ ಬೇಕು, ಬುಡ ಬೇಕು, ನಡುವೆ ಅವನ ಅಪ್ಪ ತಾತನ ಸಮಾಚಾರ ಬೇಕು, ಎಲ್ಲವೂ ಒಂದೇ ಉಸಿರಿಗೆ ಬರಬೇಕು. ಕಾಯಿಲೆ ನನ್ನಿಂದ ಮೊದಲು ಕಿತ್ತುಕೊಂಡದ್ದು ಅದನ್ನು. ಮೂರನೆಯ ಮಾತಿಗೇ ಉಸಿರು ಮುಗಿಯುತ್ತಿತ್ತು, ಮತ್ತು ಅರ್ಧಕ್ಕೆ ನಿಂತ ಬೈಗುಳ ಕೇಳುವವರಿಗೆ ಬೇಡಿಕೊಂಡ ಹಾಗೆ ಕೇಳಿಸುತ್ತದೆ. ನನಗೆ ಸಾವಿನ ಭಯಕ್ಕಿಂತ ಆ ಅವಮಾನ ಹೆಚ್ಚಾಗಿತ್ತು.

ಬಿಡದಿಯ ಕಡೆಗೆ ಹೋಗುವ ರಸ್ತೆಯಲ್ಲಿ ಹೊಸದಾಗಿ ತೆರೆದಿದ್ದ ಉಸಿರಾಸರೆ ಕೇಂದ್ರಕ್ಕೆ ನನ್ನ ಗಂಡ ಮರಿಸ್ವಾಮಿ ನನ್ನನ್ನು ಕರೆದುಕೊಂಡು ಹೋದರು. ಅವರು ಗೂಡಿನ ಮಾರುಕಟ್ಟೆಯಲ್ಲಿ ತೂಕ ಹಾಕುವವರು, ಸಾಧು ಮನುಷ್ಯ, ಇಪ್ಪತ್ತೊಂಬತ್ತು ವರ್ಷ ನನ್ನ ಬಾಯಿಯನ್ನು ತಡೆದುಕೊಂಡವರು. ಕೇಂದ್ರದಲ್ಲಿ ಉಬ್ಬಸ ಇಳಿಸುವ ಯಂತ್ರದ ವಿಷಯವನ್ನು ತಿಳಿಸಿ ಹೇಳಿದ್ದು ವಿನುತಾ ಎಂಬ ಹುಡುಗಿ. ಕಂಟ್ರೋಲ್ ರೂಮಿನಲ್ಲಿ ಜಿಲ್ಲೆಯ ರೋಗಿಗಳನ್ನೆಲ್ಲ ಪರದೆಯ ಮೇಲೆ ನೋಡುವುದು ಅವಳ ಕೆಲಸ.

ಅವಳು ಹೇಳಿದ್ದು ಇಷ್ಟು. ಉಬ್ಬಸ ಎಂದರೆ ಗಾಳಿ ಸಾಲದು ಎಂದು ಮೆದುಳು ಹಾಕುವ ಕೂಗು. ಸಿಲಿಂಡರಿನಿಂದ ಎಷ್ಟೇ ಗಾಳಿ ಕೊಟ್ಟರೂ ಕೆಲವರಲ್ಲಿ ಆ ಕೂಗು ನಿಲ್ಲುವುದಿಲ್ಲ. ಅದು ಕುತ್ತಿಗೆಯ ಪಕ್ಕದ ನರದಲ್ಲಿ ಹಾದುಹೋಗುವುದರಿಂದ ಅಲ್ಲಿ ಒಂದು ಪಟ್ಟಿ ಕಟ್ಟಿ ಅದನ್ನು ಹಿಡಿಯಬಹುದು. ಮೊದಲು ಹಾಗೆ ಹಿಡಿದು ಅದುಮಿಟ್ಟರಂತೆ, ಮೂರೇ ದಿನದಲ್ಲಿ ಮೆದುಳು ಮೋಸವನ್ನು ಪತ್ತೆ ಹಚ್ಚಿ ಎರಡರಷ್ಟು ಕೂಗಿತು. ಆಮೇಲೆ ರಬ್ಬರಿನ ಶ್ವಾಸಕೋಶಕ್ಕೆ ಕಳಿಸಿದರು, ಅದಕ್ಕೂ ಜಗ್ಗಲಿಲ್ಲ. ಕೊನೆಗೆ ಇನ್ನೊಬ್ಬ ಮನುಷ್ಯನ ಎದೆಗೆ ಕಳಿಸಿದರು. ಆತನ ಎದೆ ಗಾಬರಿಯಾಗಿ ಆಳವಾಗಿ ಉಸಿರೆಳೆದುಕೊಂಡಿತು, ಆ ಉಸಿರಿನ ಸುದ್ದಿ ತಿರುಗಿ ಬಂತು, ಯಾರೋ ಉಸಿರಾಡಿದರು ಎಂದು ನಂಬಿ ಮೆದುಳು ಸುಮ್ಮನಾಯಿತು.

“ಉಬ್ಬಸ ಹೊರೋರಿಗೆ ಕಾಯಿಲೆ ಬರಲ್ಲಮ್ಮಾ,” ಎಂದಳು ವಿನುತಾ. “ನೀರಲ್ಲಿ ಮುಳುಗಿದ ಹಾಗೆ ಅನ್ಸುತ್ತೆ. ಪಟ್ಟಿ ಬಿಚ್ಚಿದ್ರೆ ಒಂದು ನಿಮಿಷಕ್ಕೆ ಹೋಗುತ್ತೆ.”

“ನನ್ನ ಗಡ್ಡೆ?”

“ಅದು ಹಾಗೇ ಇರುತ್ತೆ. ಸುಳ್ಳು ಹೇಳಲ್ಲ. ಇರೋ ಅಷ್ಟು ದಿನ ಮುಳುಗ್ತಾ ಇರಬೇಕಾಗಿಲ್ಲ, ಅಷ್ಟೇ.”

ಸುಳ್ಳು ಹೇಳುವುದಿಲ್ಲ ಎಂದದ್ದಕ್ಕೆ ಅವಳು ನನಗೆ ಹಿಡಿಸಿದಳು. ಹಿಡಿಸದೆ ಹೋದದ್ದು ಫಾರಂ. ಹೊರುವವರು ಒಬ್ಬರು ಮಾತ್ರ, ಒಂದೇ ಮನೆಯವರಾಗಿರಬೇಕು, ಬದಲಾಯಿಸುವಂತಿಲ್ಲ ಎಂದು ಅದರಲ್ಲಿ ಅಚ್ಚಾಗಿತ್ತು. ಮರಿಸ್ವಾಮಿ ಹೊಸ ಮದುವೆಯ ಗಂಡಿನ ಹಾಗೆ ಸಹಿ ಹಾಕಿದರು. ನನಗೆ ಕೆಂಪು ಪಟ್ಟಿ, ಅವರಿಗೆ ಹಳದಿ ಪಟ್ಟಿ.

ಹತ್ತೊಂಬತ್ತು ದಿನ ಅವರು ನನ್ನ ಉಬ್ಬಸ ಹೊತ್ತರು. ಮೊದಲ ದಿನವೇ ನಾನು ಗೋಡೆ ಹಿಡಿಯದೆ ಅಡುಗೆಮನೆಗೆ ನಡೆದು ಹೋಗಿ ಒಗ್ಗರಣೆ ಹಾಕಿದೆ. ಹತ್ತನೆಯ ದಿನಕ್ಕೆ ಅವರು ಊಟ ಬಿಟ್ಟರು. ತುತ್ತು ಗಂಟಲಲ್ಲಿ ನಿಲ್ಲುತ್ತದೆ ಎನ್ನುತ್ತಿದ್ದರು. ಅದು ನನಗೆ ಗೊತ್ತಿರುವ ವಿಷಯವೇ, ಎರಡು ವರ್ಷದಿಂದ ನನಗೂ ನಿಲ್ಲುತ್ತಿತ್ತು.

ಹತ್ತೊಂಬತ್ತನೆಯ ದಿನ ಮಧ್ಯಾಹ್ನ ನಾನು ಬಚ್ಚಲಿನಿಂದ ಹೊರಗೆ ಬರುತ್ತಿದ್ದೆ. ಅಷ್ಟೂ ದಿನದ ಉಬ್ಬಸ ಒಟ್ಟಿಗೇ ಬಂದು ಎದೆಯ ಮೇಲೆ ಕೂತಿತು. ಹೊಸ್ತಿಲ ಮೇಲೆ ಬಿದ್ದುಕೊಂಡು ನೋಡಿದರೆ ಹಳದಿ ಪಟ್ಟಿ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗಾಡುತ್ತಿತ್ತು. ಮರಿಸ್ವಾಮಿ ಜಗಲಿಯ ಮೇಲೆ ಮುಖ ಮುಚ್ಚಿಕೊಂಡು ಕೂತಿದ್ದರು.

“ಆಗಲ್ಲ ಕಣಮ್ಮಿ,” ಎಂದರು. “ತಕ್ಕಡಿ ಮುಂದೆ ನಿಂತ್ಕಂಡ್ರೆ ಕಣ್ಣು ಕತ್ಲೆ ಬತ್ತದೆ. ನೀನು ಹೆಂಗೆ ತಡ್ಕೊಂಡಿದ್ಯೋ ಕಾಣೆ.”

“ನಾನು ತಡ್ಕೊಂಡಿಲ್ಲ,” ಎಂದೆ. ಉಸಿರು ಸಿಗುವ ತನಕ ಕಾದು, “ತೆಗೆದು ಹಾಕಕ್ಕೆ… ನಂಗೆ ಮೊಳೆ ಇಲ್ಲ,” ಎಂದೆ.

ಮುಂದೆ ಹೇಳಬೇಕೆಂದಿದ್ದ ಇಪ್ಪತ್ತು ಮಾತು ಗಂಟಲಲ್ಲೇ ಉಳಿದವು. ಅವರು ಅಳತೊಡಗಿದರು. ನನಗೆ ಬಂದ ಕೋಪ ಎಷ್ಟೆಂದರೆ, ಆ ಮನುಷ್ಯ ಕೆಟ್ಟವರಾಗಿದ್ದರೂ ಚೆನ್ನಾಗಿತ್ತು ಎನ್ನಿಸಿತು. ಒಳ್ಳೆಯವರ ಮೇಲಿನ ಕೋಪವನ್ನು ಎಲ್ಲಿ ಇಳಿಸುವುದು?

ಅದೇ ಹೊತ್ತಿಗೆ ಜಬೀನಾ ಬಂದಳು. ಇಪ್ಪತ್ತು ವರ್ಷ ನನ್ನ ಪಕ್ಕದ ತೊಟ್ಟಿಯಲ್ಲಿ ನೂಲು ತೆಗೆದವಳು, ಬೈಗುಳದಲ್ಲಿ ನನ್ನ ಶಿಷ್ಯೆ. ದಿನಾ ಬಂದು ನನ್ನ ಕಾಲ ಬಳಿ ಕೂತು, ಧೈರ್ಯ ತಗೋ ಅಕ್ಕ, ಎಲ್ಲ ಸರಿಹೋಯ್ತದೆ ಎಂದು ಹೇಳಿ ನನ್ನ ಹೊಟ್ಟೆ ಉರಿಸಿ ಹೋಗುತ್ತಿದ್ದಳು. ಹೊಸ್ತಿಲ ಮೇಲೆ ನನ್ನನ್ನು, ಜಗಲಿಯ ಮೇಲೆ ಅವರನ್ನು, ಮೊಳೆಯಲ್ಲಿ ಪಟ್ಟಿಯನ್ನು ನೋಡಿದಳು. ಯಾರನ್ನೂ ಏನೂ ಕೇಳದೆ ಪಟ್ಟಿ ತೆಗೆದು ತನ್ನ ಕುತ್ತಿಗೆಗೆ ಹಾಕಿಕೊಂಡಳು.

ನನ್ನ ಎದೆ ಇಳಿಯಿತು. ಜಬೀನಾ ಗೋಡೆ ಹಿಡಿದು ನಿಧಾನವಾಗಿ ನೆಲದ ಮೇಲೆ ಕೂತಳು, ಬಾಯಿ ತೆರೆದುಕೊಂಡು ಉಸಿರಿಗೆ ತಡಕಾಡಿದಳು.

“ಅಕ್ಕ,” ಎಂದಳು ಕೊನೆಗೆ. “ಇನ್ಮೇಲೆ ಧೈರ್ಯ ತಗೋ ಅಂತ ನಾನು ಬಾಯಿ ಬಿಡಲ್ಲ.”

ಮಾರನೆಯ ದಿನ ಅವಳು ಫಿಲೇಚರಿನ ಇನ್ನೂ ಏಳು ಹೆಂಗಸರನ್ನು ಕರೆತಂದಳು. ಒಂದು ಗೂಡಿನ ಎಳೆಯನ್ನು ಒಂಟಿಯಾಗಿ ಯಾವ ರಾಟೆಗೂ ಸುತ್ತಲಾಗದು, ಕಣ್ಣಿಗೆ ಕಾಣದಷ್ಟು ಸಣ್ಣ, ಮುಟ್ಟಿದರೆ ಕಿತ್ತುಹೋಗುತ್ತದೆ. ಎಂಟು ಗೂಡಿನ ಎಳೆ ಕೂಡಿಸಿದರೆ ಒಂದು ನೂಲು. ಒಂದು ಗೂಡು ಮುಗಿದರೆ ರಾಟೆ ನಿಲ್ಲಿಸದೆ ಇನ್ನೊಂದರ ಎಳೆಯನ್ನು ಎಸೆದು ಸೇರಿಸುತ್ತೇವೆ. ಈ ಹೆಂಗಸರಿಗೆ ಗೊತ್ತಿದ್ದದ್ದು ಇದೊಂದೇ ವಿದ್ಯೆ, ಪಟ್ಟಿಗೂ ಅದನ್ನೇ ಮಾಡಿದರು. ಹಗಲೂ ರಾತ್ರಿ, ತಲೆಗೆ ಮೂರು ಮೂರು ಗಂಟೆ. ಒಬ್ಬಳು ಬಿಚ್ಚುವುದು, ಇನ್ನೊಬ್ಬಳು ಬಿಸಿ ಆರುವ ಮೊದಲೇ ಕಟ್ಟಿಕೊಳ್ಳುವುದು. ಬಿಚ್ಚಿದ ಮೇಲೆ ಯಂತ್ರ ಆರಿಸಿ ಐದು ನಿಮಿಷ ಬಿಡಬೇಕೆಂದು ಕೇಂದ್ರದವರು ಕೊಟ್ಟ ಪುಸ್ತಕದಲ್ಲಿ ಬರೆದಿತ್ತು. ರಾಟೆಯನ್ನು ಐದು ನಿಮಿಷ ನಿಲ್ಲಿಸಿದರೆ ನೂಲು ಸಿಕ್ಕಾಗುತ್ತದೆ ಎಂದು ಬಲ್ಲವರು ಆ ಮಾತನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ಅಂಥ ಮೂರು ವಾರ ನನ್ನ ಬಾಳಿನಲ್ಲಿ ಬಂದಿರಲಿಲ್ಲ. ನನ್ನ ಉಬ್ಬಸವನ್ನು ಹೊತ್ತವಳು ನನಗೆ ಬುದ್ಧಿ ಹೇಳುತ್ತಿರಲಿಲ್ಲ. ಅರಿಶಿನದ ಹಾಲು, ಹರಕೆ, ಒಳ್ಳೆಯ ಯೋಚನೆ ಎಲ್ಲವೂ ನಿಂತುಹೋದವು. ಅದರ ಬದಲು ಅವರಿಗೂ ನನ್ನ ಕೋಪ ಹತ್ತಿತು. ಪಟ್ಟಿ ಕಟ್ಟಿಕೊಂಡು ಅರ್ಧ ಗಂಟೆಯಾಗುವಷ್ಟರಲ್ಲಿ ಪ್ರತಿಯೊಬ್ಬಳೂ ಸಾಹುಕಾರ ಮೊಳೆ ಹೊಡೆಸಿದ ಕಿಟಕಿಯ ಸುದ್ದಿ ಎತ್ತುತ್ತಿದ್ದಳು. ಒಬ್ಬಳು ಒಂದು ಸಂಜೆ ನೇರವಾಗಿ ಫಿಲೇಚರಿಗೆ ಹೋಗಿ ಇಕ್ಕಳದಿಂದ ಆ ಮೊಳೆಗಳನ್ನು ಕಿತ್ತು ಸಾಹುಕಾರನ ಮೇಜಿನ ಮೇಲೆ ಸುರಿದು ಬಂದಳು. ನನ್ನ ಬೈಗುಳ ಅರ್ಧಕ್ಕೆ ನಿಂತರೆ ಉಳಿದರ್ಧವನ್ನು ಜಬೀನಾ ಮುಗಿಸುತ್ತಿದ್ದಳು. ಆರು ಮಾತಿನ ತನಕ ನನಗೆ ಉಸಿರು ಎಟಕುತ್ತಿತ್ತು.

ವಿನುತಾ ಒಂದು ಬೆಳಿಗ್ಗೆ ಫೋನು ಮಾಡಿದಳು.

“ಅಮ್ಮಾ, ಮರಿಸ್ವಾಮಿ ಅವರು ಹೇಗಿದ್ದಾರೆ?”

“ಚೆನ್ನಾಗವ್ರೆ.”

“ಹತ್ತು ಗಂಟೆಗೆ ಅವರ ಎದೆಬಡಿತ ಎಪ್ಪತ್ತೆರಡು ಇತ್ತು, ಮರುಕ್ಷಣ ತೊಂಬತ್ತು. ದಿನಕ್ಕೆ ಎಂಟು ಸಲ ಬೇರೆ ಮನುಷ್ಯ ಆಗ್ತಿದ್ದಾರೆ. ಉಸಿರು ನೋಡಿದ್ರೆ ಮೂರು ಗಂಟೆಗೆ ಹಾಡು ಹೇಳ್ತಾರೆ ಅನ್ಸುತ್ತೆ.”

ಜಬೀನಾ ಫೋನು ಕಿತ್ತುಕೊಂಡು ಸ್ಪೀಕರಿಗೆ ಹಾಕಿದಳು. “ನೋಡವ್ವ, ನಮ್ಮ ಕೆಲ್ಸದಲ್ಲಿ ಎಂಟು ಎಳೆ ಕೂಡಿದ್ರೆ ಒಂದು ನೂಲು. ನಿಮ್ಮ ಯಂತ್ರ ಮಾಡ್ದೋನು ಒಂದೇ ಎಳೆ ಮೇಲೆ ಯಾಕೆ ಜಗ್ತಾ ಅವ್ನೆ? ಎಂಟು ಜನಕ್ಕೂ ಒಂದೊಂದು ಪಟ್ಟಿ ಕೊಟ್ಟು ಒಟ್ಟಿಗೆ ಹೊರ್ಸಿದ್ರೆ ಏನಾಯ್ತದೆ?”

“ಹಂಚಿದ್ರೆ ಉಬ್ಬಸ ನಿಲ್ಲಲ್ಲ ಅಂತ ಬರ್ದಿದೆ. ಹಂಚಿ ನೋಡಿದವರು ಯಾರೂ ಇಲ್ಲ,” ಎಂದಳು ವಿನುತಾ. ದನಿ ತಗ್ಗಿಸಿದಳು. “ಅಮ್ಮಾ, ಇಡೀ ಜಿಲ್ಲೆಯಲ್ಲಿ ಹೊಂಬಾಳಮ್ಮನವರ ಉಸಿರಿನ ಗೆರೆ ಇರೋ ಅಷ್ಟು ನೆಟ್ಟಗೆ ಯಾರದೂ ಇಲ್ಲ. ಬೇರೆಯವರ ಮನೇಲಿ ಹೊರೋರು ತಿಂಗಳೊಳಗೆ ಬಿಟ್ಟುಬಿಡ್ತಾರೆ. ನಾನು ಇದನ್ನ ಯಾರಿಗೂ ಹೇಳಿಲ್ಲ. ಪಟ್ಟಿ ಬದಲಾಯಿಸುವಾಗ ಮಾತ್ರ ಐದು ನಿಮಿಷ ಆರ್ಸಿ, ಇಲ್ಲಾಂದ್ರೆ ಎದೆಬಡಿತ ನಿಂತೇಹೋಯ್ತು ಅಂತ ಯಂತ್ರ ತಿಳ್ಕೊಂಡುಬಿಡುತ್ತೆ, ದಮ್ಮಯ್ಯ.”

ಆಮೇಲೆ ಅವಳು ಇನ್ನೊಂದು ವಿಷಯ ಹೇಳಿದಳು. ರೋಗಿ ಸತ್ತ ಮೇಲೆ ಪಟ್ಟಿಯನ್ನು ಹಿಂದಿರುಗಿಸಬೇಕೆಂದು ಕೇಂದ್ರದಿಂದ ಪತ್ರ ಹೋಗುತ್ತದಂತೆ. ಇಪ್ಪತ್ತಮೂರು ಮನೆಯವರು ಹಿಂದಿರುಗಿಸಿಲ್ಲ. ಈಗಲೂ ಕಟ್ಟಿಕೊಂಡು ಓಡಾಡುತ್ತಾರೆ. ಪರದೆಯ ಮೇಲೆ ಅವರ ದೀಪಗಳು ಮಂಕಾಗಿ ಉರಿಯುತ್ತಲೇ ಇರುತ್ತವೆ. ಮಾಗಡಿಯ ಒಬ್ಬ ಮೇಷ್ಟ್ರು ವಾರಕ್ಕೊಮ್ಮೆ ಫೋನು ಮಾಡಿ, ನನ್ನ ಹೆಂಡತಿಯ ಕಡೆಯಿಂದ ಏನಾದರೂ ಬಂತಾ ತಾಯಿ ಎಂದು ಕೇಳುತ್ತಾರೆ. ಇಲ್ಲ ಸಾರ್ ಎನ್ನುವುದೂ ಅವಳ ಕೆಲಸವೇ.

ಐದು ನಿಮಿಷ ಆರಿಸಿ ಎಂದದ್ದನ್ನು ಹೆಂಗಸರು ಕೇಳಲಿಲ್ಲ. ಆ ಐದು ನಿಮಿಷ ಅಕ್ಕ ಏನು ಮಾಡಬೇಕು ಎಂದು ಜಬೀನಾ ಕೇಳಿದಳು. ಶುಕ್ರವಾರ ಮಧ್ಯಾಹ್ನ ಕೈ ಬದಲಾಗುವಾಗ ಮರಿಸ್ವಾಮಿಯವರ ಹೃದಯ ನಿಂತುಹೋಯಿತೆಂದು ಯಂತ್ರ ಬಗೆಯಿತು. ಆಂಬುಲೆನ್ಸ್ ಬೊಬ್ಬೆ ಹೊಡೆಯುತ್ತಾ ಬೀದಿಗೆ ಬಂತು. ಹೃದಯ ನಿಂತ ಮನುಷ್ಯ ಆಗ ಮಾರುಕಟ್ಟೆಯಲ್ಲಿ ಗೂಡು ತೂಗುತ್ತಿದ್ದರು.

ಸಂಜೆಯೊಳಗೆ ನನ್ನ ಸಂಪರ್ಕ ಕಡಿದರು. ನಿಯಮ ಮೀರಿದ್ದರಿಂದ ಪಟ್ಟಿಯನ್ನು ಏಕೆ ಹಿಂದಕ್ಕೆ ಪಡೆಯಬಾರದು, ಸೋಮವಾರ ಖುದ್ದಾಗಿ ಬಂದು ತಿಳಿಸಿ ಎಂದು ಪತ್ರ ಬಂತು. ಶನಿವಾರ, ಭಾನುವಾರ ನಾನು ಹೇಗೆ ಕಳೆದೆ ಎಂದು ಬರೆಯುವುದಿಲ್ಲ. ದಿಂಬಿಗೆ ಒರಗಿ ಕೂತೇ ಇದ್ದೆ. ಎಂಟು ಹೆಂಗಸರು ಸುತ್ತ ಕೂತಿದ್ದರು, ಯಾರ ಕೈಯಲ್ಲೂ ಏನೂ ಮಾಡಲಾಗುತ್ತಿರಲಿಲ್ಲ.

ವಿಚಾರಣೆ ಕಂಟ್ರೋಲ್ ರೂಮಿನಲ್ಲೇ ನಡೆಯಿತು. ಒಂದು ಗೋಡೆ ಪೂರ್ತಿ ಪರದೆ, ಅದರ ತುಂಬ ದೀಪ ಮತ್ತು ಗೆರೆ. ಕೆಂಪು ಪಟ್ಟಿ ನನ್ನ ಕುತ್ತಿಗೆಯಲ್ಲೇ ಇತ್ತು, ಆದರೆ ಪರದೆಯಲ್ಲಿ ನನ್ನ ಹೆಸರಿನ ಮುಂದೆ ಏನೂ ಇರಲಿಲ್ಲ. ನಿರ್ದೇಶಕರಾದ ಡಾಕ್ಟರ್ ಶ್ರೀಪಾದ ಮೇಜಿನ ಆ ಕಡೆ ಕೂತಿದ್ದರು. ಅವರ ಹಿಂದೆ, ಸನ್ಮಾನದ ದಿನ ಪೇಟ ತೊಟ್ಟು ರೇಷ್ಮೆ ಶಾಲು ಹೊದ್ದ ಅವರದೇ ಫೋಟೋ ಇತ್ತು. ಮರಿಸ್ವಾಮಿ ಗಾಲಿಕುರ್ಚಿಯನ್ನು ತಳ್ಳಿದರು, ಜಬೀನಾ ಸಿಲಿಂಡರು ಹಿಡಿದಿದ್ದಳು. ವಿನುತಾ ಮೂಲೆಯ ತನ್ನ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದಳು.

“ನೋಡಿಮ್ಮಾ, ನಿಮ್ಮ ಕೋಪ ನನಗೆ ಅರ್ಥ ಆಗುತ್ತೆ,” ಎಂದರು ಶ್ರೀಪಾದ.

ಅವರಿಗೆ ಅರ್ಥವಾಗಿದ್ದರೆ ಮೇಜಿನ ಕೆಳಗೆ ಬಚ್ಚಿಟ್ಟುಕೊಳ್ಳುತ್ತಿದ್ದರು.

“ಈ ವ್ಯವಸ್ಥೆ ನಿಂತಿರೋದು ಕುಟುಂಬದ ಮೇಲೆ. ಕಂಡಕಂಡವರು ಕಟ್ಟಿಕೊಂಡು ನಾಳೆ ಏನಾದ್ರೂ ಆದರೆ ಹೊಣೆ ಯಾರು? ಒಬ್ಬ ರೋಗಿಗೆ ಒಬ್ಬರು. ಅವರಿಂದ ಆಗದಿದ್ದರೆ, ಆಗುವಂಥ ಮನೆಗೆ ಪಟ್ಟಿ ಕೊಡಬೇಕಾಗುತ್ತೆ. ಕಾಯ್ತಾ ಇರೋರು ಬಹಳ ಜನ ಇದ್ದಾರೆ. ನೀವು ಏನಾದ್ರೂ ಹೇಳೋದಿದ್ರೆ ಹೇಳಿ.”

“ನಾನೇಳ್ತೀನಿ ಸಾರ್,” ಎಂದಳು ಜಬೀನಾ.

“ರೋಗಿಯೇ ಹೇಳ್ಬೇಕು. ನಿಯಮ ಹಾಗಿದೆ.”

ಇಡೀ ಕೋಣೆ ನನ್ನ ಕಡೆ ತಿರುಗಿತು. ಉಸಿರಿಲ್ಲದವಳ ಉಸಿರನ್ನು ಕಡಿದು, ಈಗ ಮಾತಾಡು ಎಂದು ಕೂರಿಸಿದ್ದರು. ಎರಡು ದಿನದಿಂದ ಕಟ್ಟಿಟ್ಟಿದ್ದ ಮಾತೆಲ್ಲ ಬಾಯಿಗೆ ಬಂತು.

“ನೀವು,” ಎಂದೆ. “ಒಬ್ಬರೇ… ಯಾರು…”

ಅಷ್ಟಕ್ಕೇ ನಿಂತಿತು. ನನಗೇ ಕೇಳಿಸಿತು, ಅದು ಬೇಡಿಕೊಂಡ ಹಾಗೇ ಇತ್ತು. ಕಣ್ಣಲ್ಲಿ ನೀರು ಬಂದದ್ದು ಕೆಮ್ಮಿನಿಂದ, ಅವರು ಅದನ್ನು ಬೇರೆ ತಿಳಿದರು. “ಸಮಾಧಾನ ಮಾಡ್ಕೊಳ್ಳಿ,” ಎಂದು ಪೆನ್ನಿನ ಮುಚ್ಚಳ ತೆಗೆದು ಕಾಗದ ಹತ್ತಿರ ಎಳೆದುಕೊಂಡರು.

ಮೂಲೆಯಲ್ಲಿ ವಿನುತಾ ಟೈಪು ಮಾಡುವ ಸದ್ದು ಕೇಳಿತು. ಕಡಿದಿದ್ದ ಸಂಪರ್ಕ ಕೂಡಿ, ಪರದೆಯಲ್ಲಿ ನನ್ನ ಹೆಸರಿನ ಮುಂದೆ ಗೆರೆ ಮತ್ತೆ ಮೂಡಿತು. ಬರೆದದ್ದನ್ನು ತಾನೇ ಗಟ್ಟಿಯಾಗಿ ಓದಿದಳು. “ಪಟ್ಟಿ ಇನ್ನೂ ಇಟ್ಟುಕೊಂಡಿರೋ ಎಲ್ಲರಿಗೂ. ರಾಮನಗರದ ಒಬ್ಬ ಅಮ್ಮ ಹತ್ತು ನಿಮಿಷ ಮಾತಾಡಬೇಕು. ಉಸಿರಿಲ್ಲ. ಹೊರೋರು ಪಟ್ಟಿಯ ಗುಂಡಿ ಒತ್ತಿ.”

“ವಿನುತಾ, ಏನು ಮಾಡ್ತಿದ್ದೀರಿ?” ಎಂದರು ಶ್ರೀಪಾದ.

“ಹಂಚಿದ್ರೆ ನಿಲ್ಲುತ್ತಾ ಅಂತ ನೋಡ್ತಿದ್ದೀನಿ ಸಾರ್. ಯಾರೂ ನೋಡಿರಲಿಲ್ಲ.”

ಗೋಡೆಯ ಕೆಳಮೂಲೆಯಲ್ಲಿ ಮಂಕಾಗಿದ್ದ ದೀಪಗಳಲ್ಲಿ ಒಂದು ಬೆಳ್ಳಗಾಯಿತು. ಮಾಗಡಿ ಎಂದಿತ್ತು ಅದರ ಪಕ್ಕದಲ್ಲಿ. ಆಮೇಲೆ ಚನ್ನಪಟ್ಟಣದಲ್ಲೊಂದು, ಹಾರೋಹಳ್ಳಿಯಲ್ಲೊಂದು, ಕನಕಪುರದಲ್ಲಿ ಎರಡು ಒಟ್ಟಿಗೆ. ಯಾರ್ಯಾರೋ, ನನ್ನ ಮುಖ ನೋಡದವರು, ಕೆಲಸ ಬಿಟ್ಟು ಎಲ್ಲಿದ್ದರೋ ಅಲ್ಲೇ ಕೂತಿರಬೇಕು. ನನ್ನ ಹಿಂದೆ ಮರಿಸ್ವಾಮಿ ಅಂಗಿಯ ಜೇಬಿನಿಂದ ಹಳದಿ ಪಟ್ಟಿಯನ್ನು ತೆಗೆದರು. ಹಿಂದಿರುಗಿಸಲೆಂದು ತಂದದ್ದು ಅದು. ಕುತ್ತಿಗೆಗೆ ಕಟ್ಟಿಕೊಂಡು, “ಒಂದು ಪಾಲು ತಾನೇ, ಹೊರ್ತೀನಿ,” ಎಂದರು.

ಹದಿನೇಳು ದೀಪ ಎಣಿಸಿದೆ. ಮುಂದಕ್ಕೆ ಎಣಿಸಲಾಗಲಿಲ್ಲ, ಏಕೆಂದರೆ ನನ್ನ ಎದೆ ತೆರೆದುಕೊಳ್ಳುತ್ತಿತ್ತು. ಮದುವೆಗೆ ಮುಂಚೆ, ಇನ್ನೂ ಒಲೆಯ ಮುಂದೆ ಕೂರದ ಕಾಲದಲ್ಲಿ ಹೇಗಿತ್ತೋ ಹಾಗೆ ಗಾಳಿ ಒಳಗೆ ಬಂತು, ತಳದ ತನಕ ಹೋಗಿ ಮುಟ್ಟಿತು. ಅದರೊಂದಿಗೆ ಹದಿನೇಳು ಮನೆಯ ದುಃಖವೇನೂ ಬರಲಿಲ್ಲ, ಯಂತ್ರ ಅದನ್ನು ಸಾಗಿಸುವುದಿಲ್ಲ. ಆದರೆ ಗಾಳಿಯೊಂದೇ ಸಾಕಾಗಿತ್ತು. ಕುರ್ಚಿಯ ಕೈ ಹಿಡಿದು ಎದ್ದು ನಿಂತೆ.

“ಏನ್ ಸ್ವಾಮಿ, ನೀವು ಹುಟ್ದಾಗ ನಿಮ್ಮವ್ವನ ಹತ್ರ ಕೂತಿದ್ದೋರೆಲ್ಲ ನಿಮ್ಮ ಮನೇರೇನಾ, ನಿಮ್ಮಪ್ಪನ್ನ ಎತ್ತಿ ಆಡಿಸ್ದೋರು ಫಾರಂ ತುಂಬಿದ್ರಾ, ನಿಮ್ಮ ತಾತ ಸತ್ತಾಗ ಒಬ್ಬನೇ ಹೊತ್ಕೊಂಡು ಹೋದ್ನಾ, ನಾಲ್ಕು ಜನ ಹೆಗಲು ಕೊಡ್ದೆ ಹೋದ್ರೆ ಸತ್ತೋರ ಚಟ್ಟ ಅಂಗಳ ದಾಟಲ್ಲ, ಇನ್ನು ಬದುಕಿರೋಳ ಉಸಿರು ಹೊರೋಕೆ ಒಬ್ಬನೇ ಸಾಕು ಅಂತ ಬರ್ದಿದೀರಲ್ಲ, ನಾವು ಹೊಗೆ ಕುಡಿದು ತೆಗೆದ ನೂಲಿನ ಶಾಲು ಹೊದ್ಕೊಂಡು ಫೋಟೋಕ್ಕೆ ನಿಲ್ಲೋವಾಗ ಅದರಲ್ಲಿ ಎಷ್ಟು ಎಳೆ ಸೇರೈತೆ ಅಂತ ಕೇಳ್ಲಿಲ್ವಲ್ಲ, ನಿಯಮ ಬರೆದ ಆ ಕೈ ಸೇದೋಗ!”

ಒಂದೇ ಉಸಿರಿಗೆ ಬಂತು. ತಲೆ, ಬುಡ, ಅಪ್ಪ, ತಾತ, ಎಲ್ಲವೂ ಇದ್ದವು. ಜಬೀನಾ ಮುಗಿಸುವುದಕ್ಕೆ ಏನೂ ಉಳಿದಿರಲಿಲ್ಲ. ಗೋಡೆಯ ಮೇಲೆ ಇಪ್ಪತ್ನಾಲ್ಕು ದೀಪ ಉರಿಯುತ್ತಿದ್ದವು, ಒಂದೂ ಕದಲಿರಲಿಲ್ಲ.

ಶ್ರೀಪಾದ ಪೆನ್ನು ಕೆಳಗಿಟ್ಟರು. ಗೋಡೆಯನ್ನು ನೋಡಿದರು, ನನ್ನನ್ನು ನೋಡಿದರು, ಮೆಲ್ಲಗೆ ಎದ್ದು ನಿಂತರು.

“ಮುಗೀತಾ ಅಮ್ಮಾ?” ಎಂದರು.

ನಾನು ಇನ್ನೊಂದು ಉಸಿರು ಎಳೆದು ನೋಡಿದೆ. ಬಂತು.

“ಇಲ್ಲ,” ಎಂದೆ. “ಕೂತ್ಕೊಳ್ಳಿ.”